ಕೂರಿಗೆಯ ದಿಂಡು

ಶಂಕರಮ್ಮನ ಅಂಗಳದಲ್ಲಿ ಬಡಿಗ ಸಾಯಪ್ಪ ತನ್ನ ಹೊಸ ಪೆಟ್ಟಿಗೆಯ ಮುಚ್ಚಳ ತೆಗೆದ. ತೆಗೆದ ಮೇಲೆ ನೆನಪಾಯಿತು, ಈ ಮನೆಯಲ್ಲಿ ತೆಗೆಯಬಾರದಿತ್ತು ಎಂದು.

ಇಷ್ಟು ವರ್ಷ ಉಳಿ, ಬಾಚಿಗಳನ್ನು ಗೋಣಿಚೀಲದಲ್ಲಿ ತುಂಬಿಕೊಂಡು ತಿರುಗಿದವನಿಗೆ ಪೆಟ್ಟಿಗೆಯ ಹಿಗ್ಗು ತಲೆಗೇರಿತ್ತು. ಹೊರಗಿನ ಹಲಗೆ ತಾಂಡೂರು ಸ್ಟೇಷನ್ನಿನಲ್ಲಿ ಒಡೆದು ಬಿಸಾಕಿದ್ದ ಚಹಾಪುಡಿಯ ಖೋಕಾ ಪೆಟ್ಟಿಗೆಯದ್ದು. ಮೂಲೆಗೆ ಬಡಿದದ್ದು ಹಳೆಯ ಗಾಡಿಯ ಕಬ್ಬಿಣದ ಪಟ್ಟಿ, ಮುಚ್ಚಳ ಹಿಡಿದದ್ದು ಹರಿದ ಚಪ್ಪಲಿಯ ತೊಗಲು. ಒಳಗೆ ಉಳಿಗಳು ಸಾಲಾಗಿ ನಿಲ್ಲುವ ದಪ್ಪ ತೇಗದ ಹಲಗೆಯೊಂದು ಮಾತ್ರ ಕಸದಿಂದ ಹೆಕ್ಕಿದ್ದಲ್ಲ. ಅದು ಇದೇ ಮನೆಯವರು ಬಿತ್ತುವ ಕೂರಿಗೆಯ ದಿಂಡು, ಅದರ ಅಡಿಯ ಅಡ್ಡಮರ.

ಶಿವರಾತ್ರಿಯ ಹೊತ್ತಿಗೆ ಶಂಕರಮ್ಮ ಕೂರಿಗೆಯನ್ನು ರಿಪೇರಿಗೆ ಕೊಟ್ಟಿದ್ದಳು. ನೆಲ ಸೀಳುವ ತಾಳುಗಳಲ್ಲಿ ಒಂದು ಸಡಿಲಾಗಿತ್ತು, ಅಷ್ಟೇ. ಸಾಯಪ್ಪ ದಿಂಡಿನ ಮೇಲೆ ಕೈಯಾಡಿಸಿದ. ಅಜ್ಜನ ಕಾಲದ ತೇಗ, ಎಣ್ಣೆ ಕುಡಿದು ಕಬ್ಬಿಣದಂತಾಗಿತ್ತು. ಆಸೆ ತಡೆಯಲಾಗದೆ ಹೇಳಿಬಿಟ್ಟಿದ್ದ: "ಒಳಗ ಹುಳ ತಿಂದದರಿ ಅವ್ವಾ. ಇನ್ನ ಇದು ಒಲಿಗೇ. ಹೊಸಾ ದಿಂಡು ಮಾಡಾಕ ಕಟಗಿ ನೋಡ್ರಿ." ಹೊಸದು ಮಾಡುವ ಕೆಲಸವೂ ತನಗೇ ಎಂದು ಆಗ ಹೊಳೆದಿರಲಿಲ್ಲ ಎಂದರೆ ಸುಳ್ಳಾದೀತು. ಕಟ್ಟಿಗೆಯ ವಿಷಯದಲ್ಲಿ ಬಡಿಗ ಹೇಳಿದ್ದಕ್ಕೆ ಆ ಊರಲ್ಲಿ ಎದುರು ಮಾತಿಲ್ಲ. "ಒಲಿಗಾದ್ರ ನೀನೇ ಒಯ್ಯೋ" ಎಂದಿದ್ದಳು ಆಕೆ.

ಈಗ ಆಕೆ ಪೆಟ್ಟಿಗೆಯೊಳಗೆ ಬಗ್ಗಿ ನೋಡುತ್ತಿದ್ದಳು. ಬಿತ್ತುವಾಗ ಬಟ್ಟಲಿಗೆ ಕಾಳು ಬಿಡುತ್ತ ವರ್ಷವರ್ಷವೂ ಆ ದಿಂಡಿನ ಹಿಂದೆ ನಡೆದವಳು. ತಾಳು ಕೂರುತ್ತಿದ್ದ ನಾಲ್ಕು ತೂತುಗಳ ಗುರುತು ಸಿಗದಿದ್ದೀತೆ? ಸಾಯಪ್ಪ ಅವಕ್ಕೆ ಚಕ್ಕೆ ಬಡಿದು ಕಿರಿದು ಮಾಡಿ ಉಳಿಗಳನ್ನು ನಿಲ್ಲಿಸಿದ್ದ.

"ಇದು ನಮ್ಮ ದಿಂಡಲ್ಲೇನೋ ಸಾಯಪ್ಪ?"

"ಹೌದ್ರಿ ಅವ್ವಾ... ಹುಳ ತಿಂದಿದ್ದು ಕೆತ್ತಿ ಒಗದು, ಚಲೋ ಇದ್ದಷ್ಟು ಇಟಗೊಂಡೀನಿ." ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಹೇಸಿಗೆಯಾಯಿತು.

ಶಂಕರಮ್ಮನ ಮುಖ ಅರಳಿತು. "ಸುಟ್ಟು ಬೂದಿ ಆಗ್ಯಾದ ಅಂದಕೊಂಡಿದ್ದೆನಪ್ಪಾ. ನೆನೆಸಿದ್ರ ಹೊಟ್ಟ್ಯಾಗ ಚುರ್ ಅಂತಿತ್ತು. ನಿನ್ನ ಕೈ ಬಂಗಾರದ್ದು ನೋಡು!" ಒಳಗೆ ಹೋಗಿ ವಿಭೂತಿ ತಂದು, ಹಲಗೆಗೆ ಮೂರು ಬೆರಳು ಎಳೆದು ಕೈಮುಗಿದಳು. ಸಾಯಪ್ಪನಿಗೆ ನಿಂತ ನೆಲ ಬಾಯಿಬಿಡಬಾರದೇ ಅನಿಸಿತು.

"ಬಾ, ಹೊಸಾ ದಿಂಡಿನ ಕಟಗಿ ತೋರಸ್ತೀನಿ."

ದನದ ಕೊಟ್ಟಿಗೆಯ ನೆರಳಿನಲ್ಲಿ ಬೇವಿನ ತುಂಡೊಂದು ಬಿದ್ದಿತ್ತು. ನೇರವಾದದ್ದು, ಗಂಟಿಲ್ಲದ್ದು, ಹದವಾಗಿ ಒಣಗಿದ್ದು. ಪೆದ್ದೆಮುಲ್ ಸುತ್ತ ಇಂಥ ಬೇವು ಎಲ್ಲಿತ್ತು ಎಂದು ಅವನಿಗೆ ಅಚ್ಚರಿ.

"ಎಲ್ಲಿಂದ ತಂದ್ರಿ ಅವ್ವಾ?"

"ತರೂದೆಲ್ಲಿಂದ? ನಿಜಾಮ ಸರಕಾರದ ಅಡವ್ಯಾಗ ಜಂಗ್ಲಾತಿನವರು ಒಂದು ಕೊಂಬಿ ಮುಟ್ಟಗೊಡಂಗಿಲ್ಲ. ನಮ್ಮ ಹೊಲದಾಗಿಂದೇ. ಅವರ ಗದ್ದಿಗಿ ಮ್ಯಾಲಿಂದು. ಯುಗಾದಿ ಮುಂದ ಕಡಿಸಿದೆ."

ಆ ಮರ ಸಾಯಪ್ಪನಿಗೆ ಗೊತ್ತಿತ್ತು. ಆಕೆಯ ಗಂಡ ಬಂಡೆಪ್ಪನನ್ನು ಹೊಲದಲ್ಲಿ ಸಮಾಧಿ ಮಾಡಿದ ದಿನ ಅವನೂ ಅಲ್ಲಿದ್ದ. ಮಣ್ಣು ಮುಚ್ಚಿದ ಮೇಲೆ ಶಂಕರಮ್ಮ ಗೇಣುದ್ದದ ಬೇವಿನ ಸಸಿ ಊರಿದ್ದಳು. ಕಳೆ ತೆಗೆಯಲು ಹೋದಾಗ ಆಕೆ ಬುತ್ತಿ ಬಿಚ್ಚುತ್ತಿದ್ದದ್ದು ಅದರ ನೆರಳಲ್ಲೇ. ತಾನು ನೀರು ಕುಡಿಯುವ ಮೊದಲು ಒಂದಿಷ್ಟನ್ನು ಬುಡಕ್ಕೆ ಸುರಿಯುತ್ತಿದ್ದುದನ್ನು ಊರೆಲ್ಲ ಕಂಡಿತ್ತು.

"ಹುಳಾಗಿಳಾ ಹತ್ತಿಲ್ಲಲ್ಲ? ನೋಡಿ ಹೇಳು. ನಿನ್ನ ಮಾತಿನ ಮ್ಯಾಲೇ ಕಡಿಸೀನಿ."

ಸಾಯಪ್ಪ ತುಂಡಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಮುಟ್ಟಲು ಕೈ ಬರಲಿಲ್ಲ.

"ಇದಕ್ಕ ಹತ್ತಿಲ್ರಿ ಅವ್ವಾ" ಎಂದ. ನೆಲ ನೋಡುತ್ತಲೇ, "ಅದಕ್ಕೂ ಹತ್ತಿದ್ದಿಲ್ಲ. ಆ ತೇಗದ ಮ್ಯಾಲೆ ನಂಗ ಆಸಿ ಆಗಿತ್ತು" ಎಂದ.

ಶಂಕರಮ್ಮ ಬೈದಿದ್ದರೆ, ಕಾಲಲ್ಲಿದ್ದುದನ್ನು ಕೈಗೆ ತೆಗೆದುಕೊಂಡಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಆಕೆ ಬೇವಿನ ತುಂಡಿನ ಮೇಲೆ ಅಂಗೈಯಿಟ್ಟು ಹಾಗೇ ನಿಂತಿದ್ದಳು.

"ಪೆಟಗಿ ಒಡದು ಆ ದಿಂಡು ಮತ್ತ..." ಎಂದು ಅವನು ಶುರು ಮಾಡಿದ. ಉದ್ದಕ್ಕೆ ಕೊಯ್ದ ದಿಂಡು ಮತ್ತೆ ದಿಂಡಾಗದು ಎಂಬುದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು?

"ಮಿರಗದ ಮಳಿ ಬರೂ ಹೊತ್ತಾತು, ಬಿತ್ತಬೇಕು" ಎಂದಳು ಶಂಕರಮ್ಮ ಕೊನೆಗೆ. "ಇದನ್ನ ಕೆತ್ತು."

ಅವನು ಬಾಚಿ ಎತ್ತಿಕೊಂಡ. ಅಪ್ಪನ ಕಾಲದಿಂದ ಆ ಮನೆಯ ಕೆಲಸ ಅವರದೇ. ಬಡಿಗ ಬಂದನೆಂದರೆ ಮನೆ ತೆರೆದಿಟ್ಟು, ಎಲ್ಲವನ್ನೂ ಅವನ ಸುಪರ್ದಿಗೆ ಬಿಟ್ಟು ಹೊಲಕ್ಕೆ ಹೋಗುವುದು ಅಲ್ಲಿನ ರೂಢಿ. ಇವತ್ತು ಶಂಕರಮ್ಮ ಹೊಲಕ್ಕೆ ಹೋಗಲಿಲ್ಲ. ಕಂಬಳಿ ತಂದು ಅವನೆದುರಿಗೇ ಹಾಸಿ, ಸೆರಗು ತಲೆಗೆಳೆದುಕೊಂಡು, ಅವನ ಕೈಯನ್ನೇ ನೋಡುತ್ತ ಕೂತಳು.