ಜ್ಯೋತ್ಸ್ನಾಬೆನ್ ಕೊಟ್ಟ ಉತ್ತರ

ಕೊಬ್ಬರಿ ಎಣ್ಣೆಯ ವಾಸನೆ ಬಂದರೆ ಇವತ್ತಿಗೂ ನನಗೆ ವಡೋದರಾದ ಆಸ್ಪತ್ರೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪನಿಗೆ ಅಲ್ಲಿನ ಬ್ಯಾಂಕಿಗೆ ವರ್ಗವಾಗಿತ್ತು. ನನಗೆ ಆಗ ಒಂಬತ್ತು ವರ್ಷ. ಗದಗಿನಿಂದ ನಮ್ಮ ಜೊತೆ ಬಂದಿದ್ದ ಅಜ್ಜಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ. ಅಪ್ಪ ಔಷಧಿ ತರಲು ಹೋಗಿದ್ದಾಗ ನರ್ಸ್ ಜ್ಯೋತ್ಸ್ನಾಬೆನ್ ಅಜ್ಜಿಯ ಸಿಕ್ಕುಗಟ್ಟಿದ ಕೂದಲಿಗೆ ಎಣ್ಣೆ ಹಚ್ಚಿ ಬಾಚುತ್ತಿದ್ದರು. ಬೆಳಗಿನಿಂದ ಅಜ್ಜಿ ಒಂದೇ ಮಾತು ಹಿಡಿದಿದ್ದಳು.

“ನನ್ನ ಮನೀಗೆ ಯಾವಾಗ ಕಳಸ್ತಾರ? ಆಕೀನ್ನ ಕೇಳವ್ವಾ.”

ನಾನು ಶಾಲೆಯಲ್ಲಿ ಕಲಿತ ಗುಜರಾತಿಯಲ್ಲಿ ಕೇಳಿದೆ. ಜ್ಯೋತ್ಸ್ನಾಬೆನ್ ಬಾಚಣಿಗೆ ಕೆಳಗಿಟ್ಟರು. ಸ್ಟೂಲ್ ಎಳೆದುಕೊಂಡು ಅಜ್ಜಿಯ ಎದುರಿಗೇ ಕೂತು, ಅವಳ ಎರಡೂ ಕೈ ಹಿಡಿದರು.

“ನಿನ್ನ ಅಜ್ಜಿಗೆ ಯಾರನ್ನ ನೋಡಬೇಕು ಅನ್ನಿಸ್ತಿದೆ, ಕೇಳು ಬೇಟಾ,” ಎಂದು ಗುಜರಾತಿಯಲ್ಲಿ ಹೇಳಿದರು.

ನಾನು ಅದನ್ನೇ ಅಜ್ಜಿಗೆ ಹೇಳಿದೆ. ಅಜ್ಜಿ ಬಹಳ ಹೊತ್ತು ಅವರ ಮುಖವನ್ನೇ ನೋಡಿದಳು. ಆಮೇಲೆ, “ನನ್ನ ತಂಗೀನ್ನ,” ಎಂದಳು. ಅಕ್ಕ-ತಂಗಿಯರ ನಡುವೆ ಹತ್ತು ವರ್ಷದಿಂದ ಮಾತಿರಲಿಲ್ಲ.

ನನ್ನ ಪ್ರಶ್ನೆ ನರ್ಸಿಗೆ ತಿಳಿದಿಲ್ಲವೆಂದುಕೊಂಡು ನಾನು ಮತ್ತೆ ಕೇಳಲು ಹೋದೆ. ಅಜ್ಜಿ ನನ್ನ ತೋಳು ಹಿಡಿದಳು.

“ಸಾಕು, ಮತ್ತ ಕೇಳಬ್ಯಾಡ. ಆಕಿ ಹೇಳ್ಯಾಳ. ನಿಮ್ಮಪ್ಪ ಬಂದಮ್ಯಾಲೆ ತಂಗೀಗೆ ಫೋನ್ ಹಚ್ಚಂತ ಹೇಳು.”