ಸಂಜೆಯ ಕಷಾಯ

ಮೈಸೂರಿನ ಆಸ್ಪತ್ರೆಯಿಂದ ಬಂದ ಪವಿತ್ರ ಮಗಳು ಅನುಶ್ರೀಯ ಕೈ ಹಿಡಿದು ಹೊಸ್ತಿಲು ದಾಟುತ್ತಲೇ ಆ ವಾಸನೆ ಮೂಗಿಗೆ ಬಡಿಯಿತು. ಕಾಳುಮೆಣಸು, ಬೆಲ್ಲ, ಬ್ರಾಂದಿ. ಅಡುಗೆಮನೆಯಲ್ಲಿ ಅತ್ತೆ ರುಕ್ಮಿಣಮ್ಮ ಲೋಟ ಹಿಡಿದು ನಿಂತಿದ್ದರು. ಮನೆಯ ಕಿರಿಯ ಸೊಸೆ, ಬಸುರಿ ಮಧುಶ್ರೀ, ಮೂಗೊರೆಸಿಕೊಳ್ಳುತ್ತ ಮಣೆಯ ಮೇಲೆ ಕುಳಿತಿದ್ದಳು.

“ಕುಡ್ಕಳಮ್ಮಿ. ಮಳೇಲಿ ಹೊಗೆಸೊಪ್ಪು ಕಟ್ಟಿ ಶೀತ ಹಿಡ್ಕಂಡದೆ. ಅನುಶ್ರೀ ಹೊಟ್ಟೇಲಿದ್ದಾಗ ನಿಮ್ಮಕ್ಕಂಗೂ ಸೊಪ್ಪಿನ ಕೆಲ್ಸ ಮುಗಿಯೋಗಂಟ ಸಂಜೆ ಸಂಜೆ ಇದೇ ಕಷಾಯ ಕೊಟ್ಟಿವ್ನಿ.”

ಪವಿತ್ರಳ ಕಾಲು ಅಲ್ಲೇ ನಿಂತಿತು. ಹೆದರಿದಾಗ ಮೈಯಲ್ಲಿ ಏರುವ ಹಾರ್ಮೋನು ಆಮೇಲೆ ತಾನಾಗಿ ಇಳಿಯಬೇಕು, ನಿಮ್ಮ ಮಗಳಲ್ಲಿ ಅದು ಬೇಗ ಇಳಿಯುತ್ತಿಲ್ಲ ಎಂದಿದ್ದರು ಡಾಕ್ಟರು. ಬೇರೆ ಕಾರಣಗಳೂ ಇರಬಹುದು; ಆದರೂ, ಬಸುರಿನಲ್ಲಿ ಮದ್ಯ ಕುಡಿದಿದ್ದಿರಾ ಎಂದೂ ಕೇಳಿದ್ದರು.

“ಅದ್ನ ಇತ್ಲಾಗಿ ಕೊಡಿ ಅತ್ತೆ.”

“ಯಾಕೆ, ನಿಂಗೂ ಶೀತವಾ?”

“ಬಸುರೀಲಿ ಕುಡಿದಿದ್ರಾ ಅಂತ ಡಾಕ್ಟ್ರು ಕೇಳುದ್ರು. ನಮ್ಮನೇಲಿ ಹೆಂಗಸ್ರು ಮುಟ್ಟಲ್ಲ ಅಂತ ಅವ್ರ ಮೇಲೇ ರೇಗಿ ಬಂದಿವ್ನಿ!”

“ಔಷ್ದಿ ಕುಡಿತವಾಯ್ತದಾ? ಇದನ್ನೇ ಕುಡ್ದು ನಾನು ಗಂಡುಮಕ್ಳ ಹೆತ್ತಿಲ್ವಾ? ನಿನ್ ಮಗ್ಳು ಪುಕ್ಲಿ ಆದ್ರೆ ಅದು ನಿನ್ ತವರಿನ ಗುಣ ಕಣಮ್ಮಿ.”

ತವರಿನ ಗುಣ! ಕುಕ್ಕರ್ ಕೂಗಿದರೂ ಮಗು ನಡುಗುತ್ತಿತ್ತು; ಕುಕ್ಕರ್ ಇಳಿಸಿ, ಊಟ ಮುಗಿದರೂ ಮಗುವಿನ ನಡುಕ ನಿಲ್ಲುತ್ತಿರಲಿಲ್ಲ. ಆಗೆಲ್ಲ ಇದೇ ಮಾತು. ತಲೆ ತಗ್ಗಿಸಿ ಕೇಳಿಸಿಕೊಂಡವಳು ತಾನೇ. ಕಷಾಯಕ್ಕೆ ಬ್ರಾಂದಿ ಬೀಳುವುದನ್ನು ಕಣ್ಣಾರೆ ನೋಡಿ ಗಟಗಟ ಕುಡಿದವಳೂ ತಾನೇ.

“ಅಕ್ಕಾ,” ಮಧುಶ್ರೀಯ ಕೈ ಹೊಟ್ಟೆಯ ಮೇಲಿತ್ತು. “ಮೊನ್ನೆಯಿಂದ ಕುಡೀತಾ ಇವ್ನಿ.”

“ಇನ್ನೊಂದು ಹನಿನೂ ಬ್ಯಾಡ. ನಾಳೆ ನನ್ ಜೊತೆ ಆಸ್ಪತ್ರೆಗೆ ಬಾ.”

“ಕುಡ್ಕಂಡು ಓಗ್ಲಿ ಬುಡು,” ಎಂದು ರುಕ್ಮಿಣಮ್ಮ ಲೋಟವನ್ನು ಮಧುಶ್ರೀಯ ತುಟಿಗೆ ಒಯ್ದರು.

ಪವಿತ್ರ ಅದನ್ನು ಕಿತ್ತು ಗೋಡೆಗೆ ಬೀಸಿದಳು. ಸ್ಟೀಲಿನ ಲೋಟ ಠಣಾರೆಂದು ನೆಲಕ್ಕುರುಳಿತು.

ಅನುಶ್ರೀ ಕಿಟಾರನೆ ಕಿರುಚಿ ಬಾಗಿಲ ಮೂಲೆಗೆ ಅವಿತಳು. ಪವಿತ್ರ ಓಡಿ ತಬ್ಬಿಕೊಂಡಳು. ಆ ಪುಟ್ಟ ಎದೆ ಅವಳ ಎದೆಗೆ ಬಡಿಯುತ್ತಲೇ ಇತ್ತು, ನಿಲ್ಲಲಿಲ್ಲ.

ರುಕ್ಮಿಣಮ್ಮನ ಮನಸ್ಸು ಕರಗಿತು. ಬಗ್ಗಿ ಲೋಟ ಎತ್ತಿಕೊಂಡು ಒಲೆಯ ಮೇಲಿನ ಕಷಾಯದ ಪಾತ್ರೆಯೊಳಗೆ ಇಣುಕಿದರು.

“ಪಾಪ, ಕೂಸು ಬೆದರ್ಕಂಡದೆ. ತಳದಲ್ಲಿ ಒಂದು ಗುಟುಕು ಉಳ್ಕಂಡದೆ, ಕುಡಿಸ್ಲಾ?”