ಗುಮ್ಮಟವನ್ನು ಸೋಲಿಸಿದ ಪ್ಲೇಟು

ಹಾಡಿನ ಪ್ಲೇಟಿನ ಗೀರಿನಲ್ಲಿ ಮುಳ್ಳು ಸಿಕ್ಕಿಕೊಂಡು, ಹಾಡುವಾಕೆ 'ಬಾರೋ ಮನೆಗೆ' ಅಂದದ್ದನ್ನೇ ಮತ್ತೆ ಮತ್ತೆ ಅನ್ನತೊಡಗಿದಳು. ಹಸನಸಾಬ ಲಗುಬಗೆಯಿಂದ ಕೈ ಚಾಚಿದ. ಗುಜರಿಯಿಂದ ತಂದ ರೆಕಾರ್ಡ್ ಪ್ಲೇಯರನ್ನು ಬಿಚ್ಚಿ, ಒರೆಸಿ, ಹರಿದ ಪಟ್ಟಾದ ಬದಲು ಸೈಕಲ್ ಟ್ಯೂಬು ಕತ್ತರಿಸಿ ಹಾಕಿ, ಇವತ್ತೇ ಮೊದಲ ಸಲ ತಿರುಗಿಸಿದ್ದ. ಹಾಡದಿದ್ದರೆ ಅದು ತಿರುಗಿ ಗುಜರಿಗೇ ಎಂದು ಅಬ್ಬಾ ಮುಂಜಾನೆಯೇ ಹೇಳಿಯಾಗಿತ್ತು.

ಮುಳ್ಳೆತ್ತಲು ಚಾಚಿದ ಕೈಯನ್ನು ಅಬ್ಬಾ ದಾವಲಸಾಬ ಗಪ್ಪನೆ ಹಿಡಿದ. ಗೋಳಗುಮ್ಮಟದ ಕಾವಲು ಕಾಯುತ್ತಲೇ ಮುದುಕನಾದವನು. ಅಲ್ಲಿ ಒಮ್ಮೆ ಕೂಗಿದ್ದು ಏಳು ಸಲ ಮರುದನಿಸಿ ಅಡಗುತ್ತದೆ.

"ಮುಟ್ಟಬ್ಯಾಡ ಲೇ. ಏಳ ಸಲ ಅಂದು ತಾನ ನಿಲ್ತೈತಿ."

"ಅಬ್ಬಾ, ಇದು ಗುಮ್ಮಟ ಅಲ್ರಿ, ಪ್ಲೇಟು..."

"ಗಪ್ ಕುಂದ್ರು."

ಮುದುಕ ಕಣ್ಣು ಮುಚ್ಚಿ, ಬೆರಳ ಗೆರೆಗಳ ಮೇಲೆ ಹೆಬ್ಬೆರಳಾಡಿಸುತ್ತ ಮೊದಲಿಂದ ಎಣಿಸಿದ. ಐದು. ಆರು. ಏಳು. ಹೆಬ್ಬೆರಳು ನಿಂತಿತು. ಹಾಡುವಾಕೆ ನಿಲ್ಲಲಿಲ್ಲ.

ದಾವಲಸಾಬನ ಕಣ್ಣು ತಟ್ಟನೆ ತೆರೆದವು, ಬೊಚ್ಚುಬಾಯಿ ಅಗಲವಾಯಿತು. ಅಡುಗೆಮನೆಯಲ್ಲಿದ್ದ ಹೆಂಡತಿಗೆ ಓಣಿಯೆಲ್ಲ ಕೇಳುವಂತೆ ಕೂಗಿದ:

"ಏ ಪೀರಾಂಬಿ, ಲಗೂನ ಬಾ! ಎಂಟನೇ ಸಲಾನೂ ಅಂದಾಳ! ನಿನ್ನ ಮಗನ ಡಬ್ಬಿ ಗುಮ್ಮಟಾನ ಸೋಲಿಸೈತಿ!"

ಹಸನಸಾಬ ಮುಳ್ಳಿನತ್ತ ಚಾಚಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡ.